‘ಔಷಧಿ’ ಇರುವ ಶೆಡ್ಡಿನ ಬೀಗದ ಕೈ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕೋಲಾರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ, ಟೊಮೆಟೊ ಬೆಲೆ ಕುಸಿದಾಗಲೆಲ್ಲ ಮನಸ್ಸು ಕುಸಿದ ರೈತರು ಬರುತ್ತಾರೆ.

ಆತ ನಲವತ್ತು ದಾಟಿದ ರೈತರು. ಬೋರ್‌ವೆಲ್ ಬತ್ತಿತ್ತು, ಕೈಸಾಲವಿತ್ತು. ಆದರೆ ಸಾಲವೊಂದೇ ಕಾರಣ ಎನ್ನಲಾರೆ. ತಿಂಗಳುಗಳಿಂದ ನಿದ್ದೆ, ಊಟ, ಮಾತು ಮೂರೂ ಕಡಿಮೆಯಾಗಿದ್ದವು. ಇದನ್ನು ಮೊದಲು ಗಮನಿಸಿ ಕರೆತಂದವರು ಊರಿನ ಆಶಾ ಕಾರ್ಯಕರ್ತೆ.

ಎರಡನೆಯ ಭೇಟಿಯಲ್ಲಿ, ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂದು ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಹೆದರಿದ್ದರು. ಆ ಹೆದರಿಕೆಗೆ ಆಧಾರವಿಲ್ಲ. ರೈತರು ಹೆಗಲ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ತಲೆಯಾಡಿಸಿದರು. ಹಿಂದೆ ಯಾರಾದರೂ ವೈದ್ಯರು ನಿದ್ದೆ ಮಾತ್ರೆ ಕೊಟ್ಟಿರಬಹುದೆಂದು, “ಮನೆಯಲ್ಲಿ ಏನಾದರೂ ಔಷಧಿ ಇದೆಯೇ?” ಎಂದು ಕೇಳಿದೆ.

“ಇದೆ ಮೇಡಂ, ಶೆಡ್ನಲ್ಲಿ. ತಂದಿದ್ದು ಹಾಗೇ ಇದೆ. ಗಿಡಕ್ಕೆ ಹೊಡೆಯೋಕೆ ಮನಸ್ಸು ಬರ್ಲಿಲ್ಲ.”

ಜ್ವರಕ್ಕೆ ಕೊಡುವುದಕ್ಕೂ ಬೆಳೆಗೆ ಸಿಂಪಡಿಸುವುದಕ್ಕೂ ನಮ್ಮಲ್ಲಿ ಒಂದೇ ಪದ. ಕೇಳಿದ್ದು ಒಂದು, ಉತ್ತರ ಬಂದದ್ದು ಇನ್ನೊಂದಕ್ಕೆ. ಮನಸ್ಸಿನ ಮಾತನ್ನು ಅಲ್ಲಿಗೇ ನಿಲ್ಲಿಸಿ ಶೆಡ್ಡಿನ ಮಾತಿಗೆ ಬಂದೆ.

ಅವರ ಒಪ್ಪಿಗೆ ಪಡೆದು ಹೆಂಡತಿಯನ್ನೂ ಭಾವಮೈದುನನನ್ನೂ ಅದೇ ದಿನ ಕರೆಸಿದೆ. ಕೀಟನಾಶಕವನ್ನೆಲ್ಲ ಬೀಗ ಹಾಕಿಡಬೇಕು, ಬೀಗದ ಕೈ ಭಾವಮೈದುನನ ಬಳಿ ಇರಬೇಕು, ಸದ್ಯಕ್ಕೆ ಇವರನ್ನು ಒಂಟಿಯಾಗಿ ಬಿಡಬಾರದು ಎಂದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿಗೆ ಆಗಲೇ ಫೋನ್ ಮಾಡಿ ತೋರಿಸುವ ಏರ್ಪಾಡು ಮಾಡಿದೆ. ರಾತ್ರಿ ಸಂಕಟವಾದರೆ ಕರೆಮಾಡಲು, ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಹೆಂಡತಿಯ ಮೊಬೈಲಿನಲ್ಲಿ ಉಳಿಸಿಕೊಟ್ಟೆ.

ಬೀಗ ಕಾಯುವುದು ಆಪ್ತಸಲಹೆಗಾರರ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಾಯಬೇಕೆಂಬ ಆವೇಗ ಅನೇಕರಲ್ಲಿ ಏರಿ ಇಳಿಯುವಂಥದ್ದು. ಅದು ಇಳಿಯುವವರೆಗೆ ಕೈಗೆ ಏನೂ ಸಿಗದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ ಎಂಬುದು ನನ್ನ ಉತ್ತರ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಅಷ್ಟು ಜನರನ್ನು ಯಾವ ಆಪ್ತಸಲಹೆಗಾರರೂ ಕೋಣೆಯೊಳಗೆ ಕೂರಿಸಿ ಮಾತನಾಡಿಸಿರಲಿಲ್ಲ. 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ 10ರಷ್ಟು ತಗ್ಗಿಸಬೇಕೆನ್ನುವ, 2022ರಲ್ಲಿ ಪ್ರಕಟವಾದ ನಮ್ಮ ರಾಷ್ಟ್ರೀಯ ಕಾರ್ಯತಂತ್ರವೂ ಆರೋಗ್ಯ ಇಲಾಖೆಯೊಂದರಿಂದಲೇ ಇದು ಆಗದೆಂದು ಒಪ್ಪುತ್ತದೆ. ಕೃಷಿ ಇಲಾಖೆ, ಸಹಕಾರ ಸಂಘ, ಗೊಬ್ಬರದ ಅಂಗಡಿ ಇವೆಲ್ಲ ಆಸ್ಪತ್ರೆಗೆ ಹೊರಗಿನವು ಎಂದುಕೊಂಡಿರುವುದೇ ನಮ್ಮ ತಪ್ಪು.

ಆ ಊರಿನವರು ಹೋಗುವ ಗೊಬ್ಬರದ ಅಂಗಡಿಗಳಿಗೆ ಆಶಾ ಕಾರ್ಯಕರ್ತೆಯೊಂದಿಗೆ ನಾನೇ ಹೋದೆ. ಯಾರ ಹೆಸರನ್ನೂ ಎತ್ತದೆ, ಒಂದು ಸಿಂಪಡಣೆಗೆ ಬೇಕಾದಷ್ಟನ್ನೇ ಕೊಡಿ ಎಂದು ಕೇಳಿಕೊಂಡೆ. ಮೂವರಲ್ಲಿ ಒಬ್ಬರು ಒಪ್ಪಿದರು. ಉಳಿದವರು ವ್ಯಾಪಾರದ ಮಾತಾಡಿದರು.

ನಾಲ್ಕನೆಯ ಭೇಟಿಯಲ್ಲಿ ಆ ರೈತರು, ಬೆಳೆಗೆ ಹುಳ ಬಿದ್ದಿದೆ, ಬೀಗದ ಕೈ ಕೊಡಿಸಿ ಎಂದು ಕೇಳಿದರು. ಭಾವಮೈದುನನೇ ಬಂದು ಸಿಂಪಡಿಸಿ, ಉಳಿದದ್ದನ್ನು ಮತ್ತೆ ಬೀಗದೊಳಗಿಟ್ಟು ಹೋಗಲಿ ಎಂದೆ. ಅವರಿಗೆ ಬೇಸರವಾಯಿತು. ಆದರೂ ಮುಂದಿನ ವಾರ ಬಂದರು.