ಜೌಗಿನ ಮೇಲೆ ಹಲಗೆ ಹಾದಿ: ವೀಲ್‌ಚೇರ್ ಹೋಗುತ್ತದೆಯೇ?

ಪ್ರಶ್ನೆ: ಜೂನ್ ಕೊನೆಗೆ ಅಮ್ಮನ ಜೊತೆ ವರ್ಜೀನಿಯಾದಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಪಕ್ಕದ ವೆಸ್ಟ್ ವರ್ಜೀನಿಯಾದ ಕ್ರ್ಯಾನ್‌ಬೆರಿ ಗ್ಲೇಡ್ಸ್ ಜೌಗಿನಲ್ಲಿ ಹಲಗೆ ಹಾದಿ ಇದೆಯಂತೆ. ಅಮ್ಮನಿಗೆ ಮಂಡಿನೋವು; ಮನೆಯೊಳಗೆ ಕೋಲು, ಹೊರಗೆ ವೀಲ್‌ಚೇರ್. ಬೆಟ್ಟದ ಜಾಗ ಅಂತ ಭಯ.
– ಓದುಗರು, ಬಸವನಗುಡಿ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ಹತ್ತುವುದೇನೂ ಇಲ್ಲ. ಅದು ಬೆಟ್ಟಗಳ ನಡುವೆ ಬಟ್ಟಲಿನಂತಿರುವ ಕಣಿವೆ. ಕಾರು ಹಾದಿ ಶುರುವಾಗುವಲ್ಲಿಗೇ ಹೋಗುತ್ತದೆ. ಎತ್ತರ ಸುಮಾರು 3,400 ಅಡಿ, ನಮ್ಮ ಬೆಂಗಳೂರಿಗಿಂತ 400 ಅಡಿಯಷ್ಟು ಹೆಚ್ಚು. ಆದರೆ ರಾತ್ರಿ ಸುತ್ತಲಿನ ತಣ್ಣನೆ ಗಾಳಿ ಈ ಬಟ್ಟಲಿಗಿಳಿದು ನಿಲ್ಲುತ್ತದೆ, ಜೂನ್‌ನಲ್ಲೂ ಬೆಳಿಗ್ಗೆ ಚಳಿ. ಅಮ್ಮನ ಸ್ವೆಟರ್ ಮರೆಯಬೇಡಿ.

ಹಾದಿ ಅರ್ಧ ಮೈಲಿ, ಅಂದರೆ 800 ಮೀಟರ್, ಸಮತಟ್ಟು. ನಿಂತು ನೋಡಿಕೊಂಡು ಹೋಗಲು ಒಂದು ಗಂಟೆ ಇಟ್ಟುಕೊಳ್ಳಿ. ಕಾಟ ಕೊಡುವುದು ಒದ್ದೆ ಮರ. ಮಳೆಗೋ ಇಬ್ಬನಿಗೋ ನೆನೆದರೆ ಹಲಗೆಯ ಮೇಲಿನ ಪಾಚಿ ಲೋಳೆಯಾಗಿ ಜಾರುತ್ತದೆ. ಬಿಸಿಲೇರಿ ಹಲಗೆ ಆರಿದ ಮೇಲೆ, ಹತ್ತೂವರೆ ಹೊತ್ತಿಗೆ ಶುರುಮಾಡಿ. ಅಡ್ಡಕ್ಕೆ ಹಲಗೆ ಜೋಡಿಸಿದ ಹಾದಿಯಲ್ಲಿ ನೇರ ಹೋಗುವಾಗ ಚಕ್ರ ಸಿಕ್ಕಿಕೊಳ್ಳುವುದಿಲ್ಲ. ತಿರುಗಿಸುವಾಗ ಮಾತ್ರ ಮುಂದಿನ ಪುಟ್ಟ ಚಕ್ರಗಳು ಸಂದಿಯ ಸಾಲಿಗೇ ಬಂದು ನಿಲ್ಲಬಹುದು. ಆಗ ದೂಡಿದರೆ ಅಮ್ಮ ಮುಗ್ಗರಿಸುತ್ತಾರೆ. ಹಿಂದಿನ ಹಿಡಿಗಳನ್ನು ಕೆಳಗೊತ್ತಿ, ಮುಂದಿನ ಚಕ್ರಗಳನ್ನು ಎರಡಂಗುಲ ಎತ್ತಿ ತಿರುಗಿಸಿ. ನಿಂತಾಗಲೆಲ್ಲ ಬ್ರೇಕ್ ಹಾಕಿ. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಇಲ್ಲಿಂದ ಹೊರಡುವ ಮೊದಲೇ ಹೊಸದು ಹಾಕಿಸಿ.

ಇಲ್ಲಿ ಕೂತು ನೋಡುವವರದೇ ಅದೃಷ್ಟ. ಸನ್‌ಡ್ಯೂ ಎಂಬ ಕೀಟಾಹಾರಿ ಗಿಡ ನೆಲಕ್ಕಂಟಿಕೊಂಡಿರುತ್ತದೆ, ನಿಂತವರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಅಂಗಿಯ ಗುಂಡಿಯಷ್ಟೇ ಎಲೆ, ಸುತ್ತ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಹೊಳೆಯುವ ಅಂಟಿನ ಹನಿ. ಕೂತ ಸೊಳ್ಳೆ ಏಳಲಾರದು. ಹುಳಿ ನೀರಿನ ಆ ನೆಲದಲ್ಲಿ ಸಾರಜನಕ ಕಡಿಮೆ, ಅದನ್ನು ಗಿಡ ಹುಳದಿಂದ ಪಡೆಯುತ್ತದೆ. ನೀವು ಹೋಗುವ ಹೊತ್ತಿಗೆ ಗುಲಾಬಿ ಬಣ್ಣದ ಆರ್ಕಿಡ್‌ಗಳೂ ಅರಳಿರುತ್ತವೆ.

ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅದೇ ಕೌಂಟಿಯ ಗ್ರೀನ್ ಬ್ಯಾಂಕ್‌ನಲ್ಲಿ ಭಾರಿ ರೇಡಿಯೋ ದೂರದರ್ಶಕವಿದೆ. ಅದಕ್ಕಾಗಿ ಸುತ್ತಲಿನ ಪ್ರದೇಶವನ್ನು ರೇಡಿಯೋ ನಿಶ್ಶಬ್ದ ವಲಯ ಮಾಡಿದ್ದಾರೆ. ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ.

ಪ್ರಶ್ನೆ: ಮಕ್ಕಳು ಹಲಗೆಯಿಂದಿಳಿದು ಸ್ವಲ್ಪ ಆಡಬಹುದೇ?

ಉತ್ತರ: ಖಂಡಿತ ಬೇಡ. ಕೆಳಗಿರುವುದು ಗಟ್ಟಿ ನೆಲವಲ್ಲ, ಸ್ಫ್ಯಾಗ್ನಮ್ ಪಾಚಿಯ ಹಾಸು. ಆರ್ಕಿಡ್ ಕುಂಡಕ್ಕೆ ನಮ್ಮ ನರ್ಸರಿಗಳಲ್ಲಿ ಒಣ ಮಾಸ್ ಮಾರುತ್ತಾರಲ್ಲ, ಅದೇ. ಒಣಗಿದಾಗಿನ ತನ್ನ ತೂಕದ ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲದು. ಅದರಡಿ ಗಾಳಿ ಸಿಗದೆ ಕೊಳೆಯದೇ ಉಳಿದ ಸಸ್ಯಗಳ ಪದರ, ವರ್ಷಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯುವಂಥದ್ದು. ಒಮ್ಮೆ ತುಳಿದರೆ ಹಾಸು ಹರಿದು ಕಾಲು ಕೆಸರಿಗಿಳಿಯುತ್ತದೆ, ಆ ಗುಂಡಿ ಮುಚ್ಚಲು ವರ್ಷಗಳೇ ಬೇಕು. ಹೂವು, ಹಣ್ಣು ಕೀಳುವಂತೆಯೂ ಇಲ್ಲ. ಮಕ್ಕಳು ಹಲಗೆ ಮೇಲೇ ಬೋರಲು ಮಲಗಿ ಸನ್‌ಡ್ಯೂ ಹುಡುಕಲಿ, ಹಿಂದೆ ಬರುವವರಿಗೆ ದಾರಿ ಬಿಟ್ಟರಾಯಿತು.