ಕಷ್ಟ ಬಂದಾಗಲಾದರೂ ಬಂದರಲ್ಲ!

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಪಕ್ಕದ ಮನೆಯವರು ಮೂವತ್ತು ವರ್ಷ ದೇವರಿಗೆ ಕೈ ಮುಗಿದವರಲ್ಲವಂತೆ. ಕುಡಿತ, ಇಸ್ಪೀಟು, ಓಣಿಯವರ ಜೊತೆಯೆಲ್ಲ ಜಗಳ. ಈಗ ಹೃದಯದ ಆಪರೇಷನ್ ಆಗಿದೆ. ಆದದ್ದೇ ತಡ, ದುಗ್ಗಮ್ಮನ ಗುಡಿ, ಹರಿಹರದ ಆರೋಗ್ಯಮಾತೆ ಚರ್ಚು, ನಾಯಕನಹಟ್ಟಿ ತಿಪ್ಪೇಸ್ವಾಮಿ ಅಂತ ಸುತ್ತುತ್ತಿದ್ದಾರೆ. 'ಸಂಕಟ ಬಂದಾಗ ವೆಂಕಟರಮಣ ಅನ್ನೋದು ಇದಕ್ಕೇ ಅಲ್ವಾ? ಮಾಡಿದ್ದುಣ್ಣೋ ಮಹರಾಯ. ಇಂಥ ಸ್ವಾರ್ಥದ ಭಕ್ತಿಯನ್ನು ದೇವರು ಒಪ್ಪುತ್ತಾನಾ?' ಇದು ಮೇಷ್ಟ್ರ ಪ್ರಶ್ನೆ.

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಕಾಗುಣಿತದ ಒಂದು ತಪ್ಪೂ ಇಲ್ಲ. ಸುಖದಲ್ಲೂ ದೇವರನ್ನು ನೆನೆಯುವವರು ದೊಡ್ಡವರು ಎಂಬ ನಿಮ್ಮ ಮಾತೂ ಸರಿ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇನೆ.

ಆ ಗಾದೆ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಸಂಕಟ ಬಂದಾಗ ಅಲ್ಲದೆ ಇನ್ಯಾವಾಗ ಹೋಗಬೇಕು? ಮಗು ಆಡುವಾಗ ಅಮ್ಮನನ್ನು ಮರೆಯುತ್ತದೆ, ಮಂಡಿ ತರಚಿದಾಗ ಓಡಿ ಬರುತ್ತದೆ. 'ಆಗೇಕೆ ಬರಲಿಲ್ಲ' ಅಂತ ಯಾವ ತಾಯಿ ಬಾಗಿಲು ಹಾಕುತ್ತಾಳೆ? ಗೀತೆಯ 7ನೇ ಅಧ್ಯಾಯ ತೆಗೆದು ನೋಡಿ. ಕೃಷ್ಣ ನಾಲ್ಕು ಬಗೆಯ ಭಕ್ತರನ್ನು ಹೇಳುತ್ತಾನೆ. ಪಟ್ಟಿಯಲ್ಲಿ ಮೊದಲ ಹೆಸರೇ ಆರ್ತ, ಅಂದರೆ ಕಷ್ಟದಲ್ಲಿ ಕೂಗಿದವನು. ನಾಲ್ವರೂ ಒಳ್ಳೆಯವರೇ ಅನ್ನುತ್ತಾನೆ. ಜ್ಞಾನಿ ತನಗೆ ಜಾಸ್ತಿ ಇಷ್ಟ ಅಂತಲೂ ಹೇಳಿದ್ದಾನೆ, ಅಷ್ಟು ಮಾತ್ರ ನಿಮ್ಮ ಪಾಲಿಗೆ.

ನಿಮ್ಮ ನೆರೆಯವರು ಹರಿಹರಕ್ಕೂ ಹೋದರು ಅಂದಿರಲ್ಲ, ಆ ಕಡೆಯ ಕತೆಯೂ ಒಂದಿದೆ. ಏಸು ಹೇಳಿದ್ದು. ಕಿರಿಮಗ ಪಾಲು ತೆಗೆದುಕೊಂಡು ಪರದೇಶಕ್ಕೆ ಹೋಗಿ ಎಲ್ಲ ಉಡಾಯಿಸಿದ. ಆಮೇಲೆ ಬರಗಾಲ ಬಂತು. (ಬರಗಾಲ ಅಂದರೇನು ಅಂತ ನಮ್ಮ ಜಗಳೂರು, ಚಳ್ಳಕೆರೆಯವರಿಗೆ ಹೇಳಬೇಕೇ?) ಹಂದಿ ಮೇಯಿಸುತ್ತಾ ಹಸಿದು ಕೂತಾಗ, ಅಪ್ಪನ ಮನೆಯ ಕೂಲಿಯವರಿಗೂ ಹೊಟ್ಟೆ ತುಂಬ ಊಟ ಉಂಟಲ್ಲ ಅಂತ ನೆನಪಾಯಿತು. ಅವನು ಎದ್ದು ಬಂದದ್ದು ಹಸಿವಿಗೆ, ಸ್ವಾಮಿ! ಅಪ್ಪ ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಂಡ. ಮನೆಯಲ್ಲೇ ಇದ್ದು ದುಡಿದ ಅಣ್ಣ ಮಾತ್ರ ಸಿಟ್ಟಾಗಿ ಒಳಗೇ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ, ನಿಮ್ಮ ಪತ್ರ ಓದುವಾಗ ನನಗೆ ಆ ಅಣ್ಣನೇ ನೆನಪಾದ.

ಇನ್ನು 'ಮಾಡಿದ್ದುಣ್ಣೋ ಮಹರಾಯ'. ಆ ಹೃದಯದ ಕಾಯಿಲೆ ಇಸ್ಪೀಟಾಟಕ್ಕೆ ಸಿಕ್ಕ ಶಿಕ್ಷೆ ಅಂತ ಲೆಕ್ಕ ಹಾಕಿದವರು ಯಾರು? ಇಸ್ಪೀಟು ಮುಟ್ಟದ ನನ್ನ ತಮ್ಮನಿಗೂ ಎರಡು ಸ್ಟೆಂಟ್ ಹಾಕಿದ್ದಾರೆ. ಬೈಬಲಿನ ಯೋಬನ ಸ್ನೇಹಿತರೂ ಹೀಗೇ ಅಂದರು. ನೀನು ಏನೋ ಪಾಪ ಮಾಡಿದ್ದೀಯ, ಅದಕ್ಕೇ ಮೈಯೆಲ್ಲ ಹುಣ್ಣು ಅಂತ. ಕೊನೆಗೆ ದೇವರಿಂದ ಬೈಸಿಕೊಂಡದ್ದು ಆ ಸ್ನೇಹಿತರು.

ನಮ್ಮ ದೊಡ್ಡಪ್ಪನ ವಿಷಯ ಹೇಳಿಬಿಡುತ್ತೇನೆ. ಒಂದು ರಾತ್ರಿ ಹೊಲದ ಬಾಂದುಕಲ್ಲು ಕಿತ್ತು ಎರಡು ಸಾಲು ನಮ್ಮ ಕಡೆ ನೆಟ್ಟಿದ್ದ. ಎರಡು ಸಾಲು ಶೇಂಗಾದಿಂದ ಅವನೇನು ಸಾಹುಕಾರ ಆಗಲಿಲ್ಲ. ಅಣ್ಣತಮ್ಮಂದಿರ ಮಾತು ಮಾತ್ರ ಹನ್ನೊಂದು ವರ್ಷ ನಿಂತಿತು. ಆಮೇಲೆ ಅವನಿಗೆ ಲಕ್ವ ಹೊಡೆದು ಎಡಗೈ ಬಿತ್ತು. ನಾಯಕನಹಟ್ಟಿ ಜಾತ್ರೆಗೆ ಹೋಗಿ ಹರಕೆಯ ಕೊಬ್ಬರಿ ಸುಟ್ಟು ಬಂದ. ಬಂದವನು ತನ್ನ ಮನೆಗೆ ಹೋಗಲಿಲ್ಲ. ಗಾಡಿ ನಮ್ಮ ಬಾಗಿಲಿಗೆ ಬಂತು. 'ತಪ್ಪಾತು ಕಣೋ, ಆ ಎರಡು ಸಾಲು ನಿಂದು' ಅಂದ. ಅಪ್ಪ ಏನೂ ಅನ್ನಲಿಲ್ಲ, ಅವ್ವನಿಗೆ ತಟ್ಟೆ ಇಡು ಅಂದ. ದೊಡ್ಡಪ್ಪನ ಕೈ ಕೊನೆಗೂ ಸರಿಹೋಗಲಿಲ್ಲ. ಬಾಂದುಕಲ್ಲು ಮರುದಿನವೇ ಹಳೇ ಜಾಗಕ್ಕೆ ಬಂತು.

ನನ್ನ ತಕರಾರು ಏನಿದ್ದರೂ ಕಲ್ಲು ವಾಪಸ್ ಇಡದವರ ಮೇಲೆ. ಗುಡಿಗೆ ತಪ್ಪುಕಾಣಿಕೆ ಹಾಕುತ್ತಾರೆ, ತಪ್ಪು ಯಾರಿಗೆ ಮಾಡಿದರೋ ಅವರ ಮನೆ ಕಡೆ ತಲೆ ಹಾಕುವುದಿಲ್ಲ. ಊರಿಗೆ ಊರೇ ಹೀಗಾಗಿದೆ. ಕೆರೆಯಂಗಳ ಒತ್ತಿ ಅಡಿಕೆ ಇಡುತ್ತೇವೆ, ಹಳ್ಳದ ಮರಳು ಬಳಿದು ಮಾರುತ್ತೇವೆ. ಮಳೆ ಕೈಕೊಟ್ಟರೆ ಕಪ್ಪೆಗೆ ಮದುವೆ ಮಾಡಿ 'ತಪ್ಪಾಯ್ತಪ್ಪಾ ಮಳೆರಾಯ' ಅನ್ನುತ್ತೇವೆ. ತಪ್ಪಾಯ್ತು ಅಂದಮೇಲೆ ಒತ್ತಿದ ಎರಡು ಗುಂಟೆ ಬಿಟ್ಟವರನ್ನು ಒಬ್ಬರನ್ನು ತೋರಿಸಿ. ನಾಯಕನಹಟ್ಟಿ ತಿಪ್ಪೇಸ್ವಾಮಿ ಐದು ಕೆರೆ ಕಟ್ಟಿಸಿದರು ಅಂತ ಜನ ಇಂದಿಗೂ ನೆನೆಯುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವುದು ಅವರದೇ ಮಾತು. ಆ ಮಾತನ್ನು ಲಾರಿಯ ಹಿಂದೆ ಬರೆಸಿಕೊಂಡು ಅದರಲ್ಲೇ ಕೆರೆ ಮಣ್ಣು ಹೊಡೆಯುವವರಿದ್ದಾರೆ. ಇವರ ಬಗ್ಗೆ ಯಾರೂ ನನಗೆ ಪತ್ರ ಬರೆಯುವುದಿಲ್ಲ.

ಇರಲಿ, ಎಲ್ಲಿಗೋ ಹೋದೆ. ನಿಮ್ಮ ಪತ್ರದ ಕೊನೆಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಕಳೆದ ವಾರ ಆ ನೆರೆಯವರು ನಿಮ್ಮ ಗೇಟಿನ ಹತ್ತಿರ ಬಂದು, 'ಕಾಂಪೌಂಡ್ ವಿಷಯದಲ್ಲಿ ನಂದೇ ತಪ್ಪು ಮೇಷ್ಟ್ರೇ' ಅಂದರಂತೆ. ನೀವು 'ನೋಡೋಣ' ಅಂದು ಒಳಗೆ ಹೋದಿರಂತೆ. ಪತ್ರ ಶುರುವಾಗಬೇಕಾದದ್ದು ಆ ಸಾಲಿನಿಂದ. ಇನ್ನೊಮ್ಮೆ ಅವರು ಬಂದರೆ ಒಳಗೆ ಕರೆದು ಕೂರಿಸಿ. ಮಂಡಕ್ಕಿ ಮೆಣಸಿನಕಾಯಿ ಬೇಡ, ಆಪರೇಷನ್ ಆದ ಮೈ. ಒಂದು ಲೋಟ ಮಜ್ಜಿಗೆ ಕೊಡಿ.