ಮಾತು ಕಡಿಮೆ, ಮ್ಯಾನೇಜರ್ ಆಗಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿಬಿಎ ಕೊನೆಯ ವರ್ಷದಲ್ಲಿದ್ದೇನೆ. ಅಂಕಗಳು ಚೆನ್ನಾಗಿವೆ. ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡೋದು ಅಂದರೆ ಆಗಲ್ಲ. ಮ್ಯಾನೇಜರ್‌ಗೆ ಮಾತೇ ಬಂಡವಾಳ ಅಂತ ಎಲ್ಲರೂ ಹೇಳುತ್ತಾರೆ. ಅಕೌಂಟ್ಸ್ ಕೂಡ ನನಗೆ ಅಷ್ಟಕ್ಕಷ್ಟೇ. ಅದನ್ನೆಲ್ಲ ಅಕೌಂಟೆಂಟ್ ನೋಡಿಕೊಳ್ಳುತ್ತಾರೆ ಅಲ್ವಾ? ಡಿಗ್ರಿ ಮುಗಿದ ಕೂಡಲೇ ಎಂಬಿಎ ಸೇರಲಾ, ಕೆಲಸಕ್ಕೆ ಹೋಗಲಾ?

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಕೆಲಸ ನೆನಪಾಯಿತು. ಪಂಪ್ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರ ಡಿಸ್ಪ್ಯಾಚ್ ವಿಭಾಗ. ಸಂಜೆ 4ಕ್ಕೆ ಹೊರಡಬೇಕಾದ ಲಾರಿ ದಿನಾ ಐದೂವರೆಗೆ ಹೊರಡುತ್ತಿತ್ತು. ನಾನು ಎರಡು ವಾರದ ಲೆಕ್ಕ ತೆಗೆದು ಚಾರ್ಟ್ ಮಾಡಿದೆ. ಪ್ಯಾಕಿಂಗ್ ನಿಧಾನ ಆಗುತ್ತಿದೆ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರು. ಪ್ಯಾಕಿಂಗ್‌ಗೆ ಇನ್ನಿಬ್ಬರನ್ನು ಹಾಕಿದರು. ಲಾರಿ ಮಾತ್ರ ಐದೂವರೆಗೇ ಹೊರಟಿತು.

ಆಮೇಲೆ ಒಂದು ಮಧ್ಯಾಹ್ನ ಪ್ಯಾಕಿಂಗ್ ಟೇಬಲ್ ಪಕ್ಕ ಸುಮ್ನೆ ನಿಂತು ನೋಡಿದೆ. 2 ಗಂಟೆಗೆಲ್ಲ ಡಬ್ಬಗಳಿಗೆ ಟೇಪ್ ಬಿದ್ದಿತ್ತು, ಗೋಡೆಯ ಉದ್ದಕ್ಕೂ ಜೋಡಿಸಿಯೂ ಆಗಿತ್ತು. ಆದರೆ ಒಂದರ ಮೇಲೂ ವಿಳಾಸದ ಚೀಟಿ ಇಲ್ಲ. ಅಲ್ಲಿದ್ದ ಹಿರಿಯರೊಬ್ಬರನ್ನು ಯಾಕೆ ಅಂತ ಕೇಳಿದೆ. “ಬಿಲ್ ಬಂದರಲ್ವಾ ಚೀಟಿ ಅಂಟಿಸೋದು” ಅಂದರು. ಬಿಲ್ ಯಾಕೆ ಬಂದಿಲ್ಲ? ಸಹಿ ಆಗಿಲ್ಲ. ಸಹಿ ಯಾಕೆ ಆಗಿಲ್ಲ? ಸಹಿ ಹಾಕುವವರು ಒಬ್ಬರೇ, ರೌಂಡ್ಸ್ ಮುಗಿಸಿ ಮೂರೂವರೆಗೆ ಸೀಟಿಗೆ ಬರುತ್ತಾರೆ. ಇಡೀ ದಿನದ ಬಿಲ್ಲುಗಳು ಒಂದೇ ಕಂತೆಯಾಗಿ ಆಗ ಇಳಿಯುತ್ತಿದ್ದವು! 11ಕ್ಕೊಮ್ಮೆ, 2ಕ್ಕೊಮ್ಮೆ ಸಹಿ ಹಾಕಿಸುವ ಏರ್ಪಾಡು ಮಾಡಿದೆವು. ಅದೇ ವಾರ ಲಾರಿ 4ಕ್ಕೆ ಗೇಟು ದಾಟಿತು. “ಇದನ್ನು ಮೊದಲೇ ಹೇಳಬಹುದಿತ್ತಲ್ಲ” ಅಂತ ಪ್ಯಾಕಿಂಗ್‌ನ ಆ ಹಿರಿಯರಿಗೆ ಅಂದೆ. “ಯಾರೂ ಕೇಳಲಿಲ್ಲವಲ್ಲಮ್ಮ” ಅಂದರು.

ತೊಂದರೆ ಬಂದಾಗ ಐದು ಸಲ ‘ಯಾಕೆ’ ಅಂತ ಕೇಳಿ ಎಂದು ಟೊಯೋಟಾದ ತೈಚಿ ಓನೊ ಹೇಳಿಕೊಡುತ್ತಿದ್ದರು. ಅದು ನಿಮ್ಮ ಸಿಲಬಸ್ಸಿನಲ್ಲೂ ಇರಬಹುದು. ಮೂರನೇ ‘ಯಾಕೆ’ಗೆ ನಮ್ಮ ಲಾರಿ ಸರಿಹೋಯಿತು. ಈ ಕೆಲಸಕ್ಕೆ ದೊಡ್ಡ ಗಂಟಲು ಬೇಕಿಲ್ಲ. ಕೇಳಿ, ಉತ್ತರ ಬರುವ ತನಕ ಕಾಯುವ ತಾಳ್ಮೆ ಬೇಕು. ಕಡಿಮೆ ಮಾತಿನವರಲ್ಲಿ ಅದು ಜಾಸ್ತಿ ಇರುವುದನ್ನು ನಾನು ನೋಡಿದ್ದೇನೆ.

ಹಾಗಂತ ಮಾತೇ ಬೇಡ ಅಂದರೆ ಸುಳ್ಳಾಗುತ್ತದೆ. ಮ್ಯಾನೇಜರ್‌ಗಳ ಕೆಲಸವನ್ನು ಅಧ್ಯಯನ ಮಾಡಿದ ಕೆನಡಾದ ಹೆನ್ರಿ ಮಿಂಟ್ಜ್‌ಬರ್ಗ್ ಐದು ಸಂಸ್ಥೆಗಳ ಮುಖ್ಯಸ್ಥರ ಜೊತೆ ತಲಾ ಒಂದು ವಾರ ಕಳೆದು, ಅವರು ಏನೇನು ಮಾಡುತ್ತಾರೆಂದು ಬರೆದುಕೊಂಡರು. ಅವರ ಕೆಲಸಗಳಲ್ಲಿ ಅರ್ಧದಷ್ಟು 9 ನಿಮಿಷ ಕೂಡ ಹಿಡಿದಿರಲಿಲ್ಲ. ಸಮಯದ ಬಹುಪಾಲು ಹೋಗಿದ್ದು ಮಾತಿಗೇ. ಆದ್ದರಿಂದ ಅಭ್ಯಾಸ ಮಾಡಿ, ಆದರೆ ಸಣ್ಣದರಿಂದ ಶುರು ಮಾಡಿ. ಕ್ಲಾಸಿನಲ್ಲಿ ಚರ್ಚೆ ಇದ್ದ ದಿನ ಒಂದು ಅಂಕಿ, ಒಂದು ಪ್ರಶ್ನೆ ಬರೆದಿಟ್ಟುಕೊಂಡು ಹೋಗಿ. ಮೊದಲ ಹತ್ತು ನಿಮಿಷದಲ್ಲೇ ಅದನ್ನು ಹೇಳಿಬಿಡಿ. ತಡ ಮಾಡಿದಷ್ಟೂ ಎದೆ ಹೊಡೆದುಕೊಳ್ಳುತ್ತದೆ.

ಇನ್ನು ಅಕೌಂಟ್ಸ್. ಇದನ್ನು ದಯವಿಟ್ಟು ಬಿಡಬೇಡಿ. ನಾನು ಕೆಲಸ ಮಾಡಿದ ಇನ್ನೊಂದು ಕಡೆ ಮಾರಾಟ ಒಂದೇ ವರ್ಷದಲ್ಲಿ ಚೆನ್ನಾಗಿ ಏರಿತು. ಲಾಭನಷ್ಟದ ಪಟ್ಟಿಯಲ್ಲಿ ಲಾಭವೂ ಇತ್ತು. ಆದರೆ ಸಂಬಳದ ದಿನ ಬ್ಯಾಂಕಿನಲ್ಲಿ ದುಡ್ಡಿಲ್ಲ. ಸರಕು ನಮ್ಮ ಗೋದಾಮಿನಲ್ಲಿ 40 ದಿನ ಕೂರುತ್ತಿತ್ತು. ಮಾರಿದ ಮೇಲೆ ಗಿರಾಕಿ ದುಡ್ಡು ಕೊಡುತ್ತಿದ್ದದ್ದು 60 ದಿನಕ್ಕೆ. ನಮಗೆ ಸರಕು ಕೊಟ್ಟವರಿಗೆ ನಾವು 30 ದಿನದಲ್ಲಿ ಕೊಡಬೇಕು. 40ಕ್ಕೆ 60 ಕೂಡಿಸಿ 30 ಕಳೆಯಿರಿ. 70 ದಿನ ನಮ್ಮ ದುಡ್ಡು ಹೊರಗೇ ಇರುತ್ತಿತ್ತು. ಮಾರಾಟ ಏರಿದಷ್ಟೂ ಹಾಗೆ ಸಿಕ್ಕಿಕೊಳ್ಳುವ ದುಡ್ಡೂ ಏರುತ್ತದೆ. ಹೊಸ ಆರ್ಡರ್ ತಂದ ಮಾರಾಟದ ಹುಡುಗರಿಗೆ ಇದು ಗೊತ್ತಿರಲಿಲ್ಲ, ಹೇಳಿಕೊಡಬೇಕಾದ ಅವರ ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ಆ ತಿಂಗಳು ಸಂಬಳ ತಡವಾದವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ವೆನಿಸ್ ವ್ಯಾಪಾರಿಗಳ ಲೆಕ್ಕ ಬರೆಯುವ ಕ್ರಮವನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ಅಚ್ಚು ಮಾಡಿಸಿದರು. ಪ್ರತಿ ವ್ಯವಹಾರಕ್ಕೂ ಎರಡು ಕಡೆ ಬರೆಯುವ ಆ ಕ್ರಮವೇ ಇವತ್ತಿನ ಸಾಫ್ಟ್‌ವೇರ್ ಒಳಗೂ ಇರುವುದು. ಒಮ್ಮೆ ಕಲಿತರೆ ಯಾವ ಕಂಪನಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ಒಂದು ಕಂಪನಿಯ ವಾರ್ಷಿಕ ವರದಿ ತೆಗೆದುಕೊಳ್ಳಿ. ಮೊದಲು ನಗದು ಹರಿವಿನ ಪಟ್ಟಿ ಓದಿ, ಅಧ್ಯಕ್ಷರ ಮಾತು ಕೊನೆಗಿರಲಿ.

ಎಂಬಿಎ ಯಾವಾಗ? ಮನೆಯ ಪರಿಸ್ಥಿತಿ ಒಪ್ಪಿದರೆ ಎರಡು ವರ್ಷ ಕೆಲಸ ಮಾಡಿ ಹೋಗಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಎಂಬಿಎ ಶುರು ಮಾಡಿತು. ಅಲ್ಲಿ ಬೆಳೆದ ಕೇಸ್ ಪದ್ಧತಿ ಈಗ ಎಷ್ಟೋ ಕಾಲೇಜುಗಳಲ್ಲಿದೆ. ಒಂದು ಸಂಸ್ಥೆಯ ನಿಜವಾದ ಕಷ್ಟವನ್ನು ಮುಂದಿಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಒಂದು ಲಾರಿಯನ್ನಾದರೂ ಕಾದವರಿಗೆ ಆಗ ಹೇಳಲು ಏನಾದರೂ ಇರುತ್ತದೆ. ಪ್ರವೇಶ ಪರೀಕ್ಷೆ ಮಾತ್ರ ಓದಿನ ರೂಢಿ ಇರುವಾಗಲೇ ಬರೆದುಬಿಡಿ. ಎಂಬಿಎ ಪ್ರವೇಶ ಪರೀಕ್ಷೆಗಳಲ್ಲಿ ಒಂದಾದ ಜಿಮ್ಯಾಟ್‌ನ ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ. ಈಗಿನ ಪರೀಕ್ಷೆ 2 ಗಂಟೆ 15 ನಿಮಿಷದ್ದು. ಗಣಿತ, ಭಾಷೆ, ಡೇಟಾ ಅಂತ ಮೂರೇ ಭಾಗ.

ಪ್ರಶ್ನೆ: ಇಂಟರ್ನ್‌ಶಿಪ್ ಸಿಕ್ಕಿದೆ. ಆದರೆ ವಾಪಸ್ ಬಂದ ಮಾಲಿನ ವಿವರವನ್ನು ಎಕ್ಸೆಲ್‌ಗೆ ತುಂಬಿಸುವುದು ಬಿಟ್ಟು ಬೇರೆ ಕೆಲಸ ಕೊಡುತ್ತಿಲ್ಲ. ಬಿಟ್ಟುಬಿಡಲಾ?

ಉತ್ತರ: ಬೇಡ. ನಿಮ್ಮ ಕೈಯಲ್ಲಿ ಒಳ್ಳೆಯ ಹಾಳೆ ಇದೆ. ‘ಕಾರಣ’ ಅನ್ನುವ ಕಾಲಂ ಇದ್ದೇ ಇರುತ್ತದೆ. ಯಾವ ಕಾರಣ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಸಾಮಾನ್ಯವಾಗಿ ‘ಇತರೆ’ ಅನ್ನುವುದೇ ಜಾಸ್ತಿ ಇರುತ್ತದೆ. ಅದನ್ನು ಬರೆದ ಮೂರು ಜನರ ಹತ್ತಿರ ಹೋಗಿ, ನಿಜವಾಗಿ ಏನಾಗಿತ್ತು ಅಂತ ಕೇಳಿ. ಸಿಕ್ಕಿದ್ದನ್ನು ಒಂದೇ ಪುಟದಲ್ಲಿ ಬರೆದು ಶುಕ್ರವಾರ ಮೇಲಿನವರ ಟೇಬಲ್ ಮೇಲಿಡಿ. ಅವರು ಏನಂದರು ಅಂತ ನನಗೂ ಬರೆಯಿರಿ.